ಕಪ್ಪೆ ಸಂಶೋಧನೆಗೆ ದುಡ್ಡು ದಂಡ ಅನ್ನುವವರಿಗೆ

ನಮಸ್ಕಾರ ಎಲ್ಲರಿಗೂ, ಶಿವಮೊಗ್ಗದಿಂದ. ಹೋದ ಸಂಚಿಕೆಯಲ್ಲಿ ಕುಂಬಾರ ಕಪ್ಪೆ ಬಗ್ಗೆ ಮಾತಾಡಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಮಲೆನಾಡಲ್ಲಿ ಜನ ಜ್ವರ ಬಂದು ಸಾಯ್ತಿದ್ದಾರೆ, ನಿಮಗೆ ಕಪ್ಪೆ ಚಿಂತೆ. ಆ ದುಡ್ಡಲ್ಲಿ ಆಸ್ಪತ್ರೆ ಕಟ್ಟಬಹುದಿತ್ತು." ಅದಕ್ಕೆ ಲೈಕ್ ಒತ್ತಿದವರೂ ಸುಮಾರು ಜನ.

ಅಣ್ಣ, ಕೇಳಿ. ಕಪ್ಪೆಗೆ ಹಾಕಿದ ದುಡ್ಡು ನಿಮ್ಮ ಮನೆಯವರ ಆರೋಗ್ಯಕ್ಕೇ ಹಾಕಿದ ದುಡ್ಡು.

ನೀವು ಹೇಳಿದ ಜ್ವರದಿಂದಲೇ ಶುರು ಮಾಡೋಣ. ಮಂಗನ ಕಾಯಿಲೆ. 1957ರಲ್ಲಿ ಅದು ಮೊದಲು ಗೊತ್ತಾಗಿದ್ದು ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರಕ್ಕೆ ಮಲಗಿದ್ದರು. ಎರಡನ್ನೂ ಸೇರಿಸಿ ನೋಡಿದ್ದಕ್ಕೆ, ಉಣುಗು ಅನ್ನುವ ರಕ್ತ ಹೀರುವ ಸಣ್ಣ ಹುಳದಿಂದ ಹರಡುವ ವೈರಸ್ ಸಿಕ್ಕಿತು. ಈಗಲೂ ಚಳಿ ಮುಗಿಯುವ ಹೊತ್ತಿಗೆ ಹೆಂಗಸರು ದರಗು ಗುಡಿಸಲು ಸೊಪ್ಪಿನಬೆಟ್ಟಕ್ಕೆ ಹೋಗ್ತಾರೆ, ಉಣುಗು ಹತ್ತದಿರಲಿ ಅಂತ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಂಡು. ಆ ಒಣ ಎಲೆಗಳ ನಡುವೆಯೇ ಉಣುಗಿನ ಮರಿ ಇರುತ್ತದೆ, ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ. ಸೀರೆ ನೆರಿಗೆ, ಮೊಣಕಾಲಿನ ಹಿಂದೆ, ಕಂಕುಳು, ಎಲ್ಲಿ ಬೇಕಾದರೂ ಹತ್ತುತ್ತದೆ. ಬಚ್ಚಲಲ್ಲಿ ಬಿಸಿನೀರು ಹೊಯ್ದುಕೊಳ್ಳುವಾಗ ಬೆರಳಿಗೆ ಸಿಕ್ಕಿದರೆ ಸಿಕ್ಕಿತು. ಯಾವ ಕಾಡಲ್ಲಿ ಈ ವರ್ಷ ಅಪಾಯ ಇದೆ ಅಂತ ಎಷ್ಟೋ ಸಲ ಆಸ್ಪತ್ರೆಗಿಂತ ಮೊದಲು ತಿಳಿಸೋದು ಸತ್ತ ಮಂಗ. ಅದನ್ನು ಗಮನಿಸುವವರು ಬೇಡವಾ?

"ಮಂಗ ಸರಿ, ಕಪ್ಪೆ ಯಾಕೆ?" ಅಂತೀರಿ. ಮಂಗನ ಕಾಯಿಲೆಗೆ ನಮ್ಮ ಜನ ವರ್ಷಗಟ್ಟಲೆ ಚುಚ್ಚಿಸಿಕೊಂಡ ಲಸಿಕೆ ತಯಾರಾಗುತ್ತಿದ್ದದ್ದು ಕೋಳಿ ಭ್ರೂಣದ ಜೀವಕೋಶಗಳಲ್ಲಿ. ಜೀವಕೋಶವನ್ನು ಮೈಯಿಂದ ಹೊರಗೆ ತೆಗೆದು ಬೆಳೆಸಬಹುದು ಅಂತ ತೋರಿಸಿಕೊಟ್ಟಿದ್ದು 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್. ಅವರು ಲಸಿಕೆ ಹುಡುಕುತ್ತಿರಲಿಲ್ಲ. ಕಪ್ಪೆಯ ಭ್ರೂಣದಲ್ಲಿ ನರದ ಎಳೆ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಿದ್ದರು. ಕಪ್ಪೆ, ಅಣ್ಣ, ಕಪ್ಪೆ! ಆ ಹಳೆಯ ಲಸಿಕೆ ಸಾಲದು ಅಂತ ನಿಲ್ಲಿಸಿ, ಈಗ ಹೊಸದನ್ನು ಪರೀಕ್ಷೆ ಮಾಡುತ್ತಿದ್ದಾರೆ. ಅವತ್ತು ಹ್ಯಾರಿಸನ್ ಅವರಿಗೂ ಯಾರಾದರೂ "ಆಸ್ಪತ್ರೆ ಕಟ್ಟು" ಅಂದಿದ್ದರೆ?

ಹಳೇ ಕತೆ ಅಂತೀರಾ? 2022ರ ಅಧ್ಯಯನ ತಗೊಳ್ಳಿ. ಕೋಸ್ಟರಿಕಾ, ಪನಾಮಾದಲ್ಲಿ ಒಂದು ಶಿಲೀಂಧ್ರ ಬಂದು ಕಪ್ಪೆಗಳು ಸತ್ತವು. ಸೊಳ್ಳೆ ತಿನ್ನುವ ಕಪ್ಪೆ ಸತ್ತ ಕಡೆ ಮುಂದಿನ ವರ್ಷಗಳಲ್ಲಿ ಮಲೇರಿಯಾ ಜಾಸ್ತಿ ಆಯಿತು. 2024ರಲ್ಲಿ ಪ್ರಕಟವಾದ ಇನ್ನೊಂದು ನಮ್ಮ ದೇಶದ್ದೇ. ದನಕ್ಕೆ ಕೊಟ್ಟ ನೋವಿನ ಔಷಧಿ ಡೈಕ್ಲೋಫೆನಾಕ್‌ನಿಂದ ರಣಹದ್ದುಗಳು ನಾಶವಾದವು. ಹೆಣ ತಿನ್ನುವವರು ಇಲ್ಲದೆ ಕೊಳೆತ ದನ, ಕೆಟ್ಟ ನೀರು, ಬೀದಿನಾಯಿ. 2000ದಿಂದ 2005ರೊಳಗೆ ಸುಮಾರು 5 ಲಕ್ಷ ಹೆಚ್ಚುವರಿ ಸಾವು ಅಂತ ಆ ಸಂಶೋಧಕರ ಅಂದಾಜು. 5 ಲಕ್ಷ ಮನುಷ್ಯರು! ಇಷ್ಟು ಕೇಳಿದ ಮೇಲೂ ಕಪ್ಪೆ ಬೇರೆ, ಆರೋಗ್ಯ ಬೇರೆ ಅಂತೀರಾ?

ಆಸ್ಪತ್ರೆ ಬೇಡ ಅಂತ ಯಾರು ಹೇಳಿದರು? ಕಟ್ಟಿ, ಹತ್ತು ಕಟ್ಟಿ. ಅದಕ್ಕೆ ಕಪ್ಪೆಯ ಪಾಲಿಗೇ ಕೈ ಹಾಕಬೇಕಾ? ಇನ್ನೊಬ್ಬರು "ಇದೆಲ್ಲ ವಿದೇಶಿ ದುಡ್ಡಿನ ಆಟ" ಅಂದಿದ್ದಾರೆ. ಅದಕ್ಕೆ ಉತ್ತರ ಕೊಡಲ್ಲ, ಸುಮ್ನೆ ಹೊತ್ತು ಹಾಳು.

ಕೊನೆಗೆ ನಮ್ಮ ಕುಂಬಾರ ಕಪ್ಪೆ. ಕತ್ತಲೆಕಾನಿನ ಹಳ್ಳದಲ್ಲಿ ಅದರ ಗಂಡು ಮುಂಗಾಲಲ್ಲಿ ಕೆಸರು ಎತ್ತಿ ಮೊಟ್ಟೆಗೆ ಬಳಿಯುತ್ತದೆ. 2014ರಲ್ಲಿ ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಜೊತೆಯವರು ಅದನ್ನು ಜಗತ್ತಿಗೆ ತಿಳಿಸಿದರು. ನಮ್ಮ ಜೋಗದ ಪಕ್ಕದಲ್ಲಿ! ಇದರಿಂದ ನಾಳೆ ಏನು ಸಿಗುತ್ತದೋ ಯಾರಿಗೆ ಗೊತ್ತು? ಏನೂ ಸಿಗದಿದ್ದರೂ ನಾನು ದುಡ್ಡು ಕೊಡಿ ಅಂತಲೇ ಹೇಳ್ತೇನೆ. ಕೊಡಿ, ಅಷ್ಟೇ!

ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ, ನಿಮ್ಮ ಮನೆ ವಾಟ್ಸಾಪ್ ಗುಂಪಿಗೆ ಹಾಕಿ. ಕಾಡಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ. ಆಶಾ ಅಕ್ಕನಿಗೋ ಅರಣ್ಯದವರಿಗೋ ಕೂಡಲೇ ಹೇಳಿ. ಮುಂದಿನ ವಾರ ಶರಾವತಿ ಕಣಿವೆಯ ಸಿಂಗಳೀಕದ ಬಗ್ಗೆ ಮಾತಾಡೋಣ.