ನೀರಾನೆಗೂ ಕಿವಿಯಿದೆ

ಹಿರಿಯರೇ, ಗೆಳೆಯರೇ, ಮುಂದಿನ ಸಾಲಿನಲ್ಲಿ ಕ್ಯಾಮೆರಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುವ ವಿದ್ಯಾರ್ಥಿಗಳೇ,

ನಾಳೆ ಬೆಳಗ್ಗೆ ನೀವು ಗದಗಿನಿಂದ ಡೋಣಿಯ ಕಡೆಗೆ ಬಸ್ ಹತ್ತುತ್ತೀರಿ. ಕಪ್ಪತಗುಡ್ಡದ ಗಿಡಮೂಲಿಕೆಗಳು, ಅವುಗಳನ್ನು ಬಲ್ಲ ನಾಟಿ ವೈದ್ಯರು, ತಾಂಡಾಗಳ ಹಿರಿಯರು, ಎಲ್ಲವನ್ನೂ ಚಿತ್ರೀಕರಿಸಿಕೊಂಡು ಬರುವ ಉತ್ಸಾಹದಲ್ಲಿದ್ದೀರಿ. ಗುಡ್ಡದ ಮಹತ್ವವನ್ನು ಈ ಊರಿನವರಿಗೆ ನಾನು ವಿವರಿಸಬೇಕಾಗಿಲ್ಲ. ಈ ಗುಡ್ಡವನ್ನು ಉಳಿಸಲು ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಜೊತೆ ಬೀದಿಗಿಳಿದವರು ಈ ಸಭೆಯಲ್ಲೇ ಇದ್ದೀರಿ. ನಾನು ಹೇಳಬೇಕಾದ ಮಾತು ಒಂದೇ, ಅದನ್ನು ಈಗಲೇ ಹೇಳಿಬಿಡುತ್ತೇನೆ: ನೀವು ತೆಗೆದ ಚಿತ್ರವನ್ನು ಮೊದಲು ನೋಡಬೇಕಾದವರು ಅದರೊಳಗೆ ಇರುವವರು. ಹುಬ್ಬಳ್ಳಿಯ ಸಭಾಂಗಣ, ಬೆಂಗಳೂರಿನ ಚಿತ್ರೋತ್ಸವ, ಊರವರ ಮೊಬೈಲು, ಎಲ್ಲ ಆಮೇಲೆ.

ಜಾಂ ರೂಶ್ ಅವರ ಹೆಸರನ್ನು ತರಗತಿಯಲ್ಲಿ ಕೇಳಿದ್ದೀರಿ. 1941ರಲ್ಲಿ ರಸ್ತೆ, ಸೇತುವೆ ಕಟ್ಟಿಸುವ ಎಂಜಿನಿಯರ್ ಆಗಿ ಫ್ರಾನ್ಸಿನಿಂದ ಆಫ್ರಿಕದ ನೈಜರ್‌ಗೆ ಹೋದವರು, ಮುಂದೆ ಮಾನವಶಾಸ್ತ್ರಜ್ಞರಾದರು, ಕ್ಯಾಮೆರಾ ಹಿಡಿದರು. 2004ರಲ್ಲಿ ತೀರಿಕೊಂಡದ್ದೂ ಅದೇ ನೈಜರ್‌ನಲ್ಲಿ. 1951ರಲ್ಲಿ ಅವರು ಅಲ್ಲಿನ ಸೋರ್ಕೊ ಬೆಸ್ತರ ನೀರಾನೆ ಬೇಟೆಯನ್ನು ಚಿತ್ರೀಕರಿಸಿದರು. ದೊಡ್ಡ ನದಿ, ದೋಣಿಗಳು, ಭರ್ಜಿ ಹಿಡಿದ ಗಂಡಸರು. ಸಂಕಲನಕ್ಕೆ ಕುಳಿತಾಗ ಬೇಟೆಯ ದೃಶ್ಯಕ್ಕೆ ಕಳೆ ಬರಲೆಂದು ಒಂದು ಸಂಗೀತವನ್ನು ಸೇರಿಸಿದರು. ಗಮನಿಸಿ, ಅದು ಪರದೇಶದ ಸಂಗೀತವಾಗಿರಲಿಲ್ಲ, ಬೇಟೆಗಾರರದೇ ಮಟ್ಟು. ಯಾರು ತಪ್ಪೆನ್ನುತ್ತಾರೆ?

ಬೇಟೆಗಾರರೇ ಅಂದರು. ಕೆಲವು ವರ್ಷಗಳ ಬಳಿಕ ರೂಶ್ ಅದೇ ಊರಿಗೆ ಹೋಗಿ, ಬಿಳಿಯ ದುಪ್ಪಟಿಯೊಂದನ್ನು ಗೋಡೆಗೆ ಇಳಿಬಿಟ್ಟು, ರಾತ್ರಿ ಚಿತ್ರ ತೋರಿಸಿದರು. ಅಷ್ಟರಲ್ಲಿ ತೀರಿಹೋಗಿದ್ದವರು ದುಪ್ಪಟಿಯ ಮೇಲೆ ಓಡಾಡುವುದನ್ನು ಕಂಡು ಜನ ಅತ್ತರು. ಮತ್ತೆ ಹಾಕಿ ಎಂದರು, ಮತ್ತೂ ಹಾಕಿಸಿದರು. ಅಳು ನಿಂತ ಮೇಲೆ ತಪ್ಪು ಹುಡುಕಲು ಕುಳಿತರು. ಬೇಟೆಯ ಹೊತ್ತಿನಲ್ಲಿ ಈ ಸಂಗೀತ ಎಲ್ಲಿಂದ ಬಂತು? ಧೈರ್ಯ ತುಂಬುವುದಕ್ಕೆ ನಿಮ್ಮದೇ ಮಟ್ಟು ಹಾಕಿದ್ದೇನೆ ಎಂದರು ರೂಶ್. ಸರಿ, ಆದರೆ ನೀರಿನಡಿಯಲ್ಲಿರುವ ನೀರಾನೆಗೆ ಬಲು ಚುರುಕು ಕಿವಿ, ಈ ಸದ್ದು ಕೇಳಿದರೆ ಅದು ಓಡಿಹೋಗುತ್ತದೆ ಎಂದರು ಅವರು. ಅಲ್ಲಿಂದ ಮುಂದೆ ರೂಶ್ ಸಂಗೀತ ಬೆರೆಸುವಾಗ ಹತ್ತು ಬಾರಿ ಯೋಚಿಸಿದರು. ಚಿತ್ರದಲ್ಲಿರುವವರ ಜೊತೆಗೇ ಕುಳಿತು ಚಿತ್ರ ಕಟ್ಟುವುದಕ್ಕೆ ಹಂಚಿಕೊಂಡ ಮಾನವಶಾಸ್ತ್ರ ಎಂದು ಹೆಸರಿಟ್ಟರು. ಪ್ಯಾರಿಸ್ಸಿನ ಯಾವ ವಿಮರ್ಶಕನಿಗೆ ನೀರಾನೆಯ ಕಿವಿಯ ವಿಷಯ ಹೊಳೆಯುತ್ತಿತ್ತು ಹೇಳಿ? ಈ ಕಥೆಯನ್ನು ಎಷ್ಟು ಸಲ ಹೇಳಿದರೂ ನನಗೆ ದಣಿವಿಲ್ಲ.

ಕಥೆ ಗೊತ್ತಿದ್ದೂ ನಾನು ಎಡವಿದ್ದೇನೆ. ಕಪ್ಪತಗುಡ್ಡ ವನ್ಯಜೀವಿಧಾಮವಾಗುವುದಕ್ಕೆ ಮುಂಚಿನ ಮಾತು. ಗುಡ್ಡದ ಬುಡದ ಹಳ್ಳಿಯೊಂದರಲ್ಲಿ ನಾಟಿ ಔಷಧ ಕೊಡುವ ಅಜ್ಜಿಯೊಬ್ಬರಿದ್ದರು. ಕಾಲೇಜಿಗೆ ರಜೆ ಸಿಗುವುದು ಬೇಸಿಗೆಯಲ್ಲಿ, ಹಾಗಾಗಿ ನಾವು ಹೋದದ್ದು ಮೇ ತಿಂಗಳಲ್ಲಿ. ಶತಾವರಿ ಅಗೆಯುವುದನ್ನು ತೋರಿಸಿ ಎಂದು ಕೇಳಿದೆವು. ಬಳ್ಳಿ ಒಣಗಿ ಮುಳ್ಳು ಮಾತ್ರ ಉಳಿದಿತ್ತು. ಅಜ್ಜಿ ಒಂದು ಗಳಿಗೆ ನಮ್ಮ ಮುಖ ನೋಡಿದರು, ಮಾತನಾಡಲಿಲ್ಲ, ಸಣ್ಣ ಹಾರೆ ತೆಗೆದುಕೊಂಡು ಹೊರಟರು. ಬಂಡೆಯೊಂದರ ಮಗ್ಗುಲಲ್ಲಿ ಕುಳಿತು ಮಣ್ಣು ಕೆದರಿದರು. ಬುಡದ ಸುತ್ತ ಗೆಡ್ಡೆಗಳು ಗೊಂಚಲಾಗಿ ಇಳಿದಿದ್ದವು, ನೀರಿಲ್ಲದೆ ಸುಕ್ಕುಗಟ್ಟಿದ್ದವು. ಎರಡನ್ನು ಮುರಿದುಕೊಂಡು, ಉಳಿದವುಗಳ ಮೇಲೆ ಮಣ್ಣೆಳೆದು, ಅಂಗೈಯಿಂದ ಒತ್ತಿ ಒತ್ತಿ ಮುಚ್ಚಿದರು. ಹಲವು ಮಕ್ಕಳ ತಾಯಿ ಎಂದು ಅದಕ್ಕೆ ಕನ್ನಡದಲ್ಲಿ ಹೆಸರಿದೆಯಲ್ಲ, ಅಗೆಯುವಾಗ ಅಜ್ಜಿ ಆ ಹೆಸರಿನಲ್ಲೇ ಗಿಡವನ್ನು ಮಾತನಾಡಿಸಿದರು. ಮಕ್ಕಳಲ್ಲಿ ಇಬ್ಬರನ್ನು ಕಳಿಸು ತಾಯಿ, ನಿನ್ನನ್ನು ಮುಟ್ಟುವುದಿಲ್ಲ ಎಂದರು.

ಧಾರವಾಡಕ್ಕೆ ಬಂದು ಸಂಕಲನ ಮಾಡಿ, ಮೇಲೆ ಕೊಳಲು ಸೇರಿಸಿದೆವು. ಮೂರು ಕಡೆ ಪ್ರದರ್ಶನವೂ ಆಯಿತು, ಚಪ್ಪಾಳೆಯೂ ಬಂತು. ಅಜ್ಜಿಗೆ ತೋರಿಸಿದ್ದು ಕಡೆಗೆ. ಅವರು ನೋಡಿ ಮುಗಿಸಿ ಹೇಳಿದ್ದು ಇಷ್ಟು: “ತಮ್ಮಾ, ಮಳೆ ಮುಗಿದು ಬೇರು ತುಂಬಿಕೊಂಡ ಮೇಲೆ ಇದನ್ನು ಅಗೆಯಬೇಕು. ಬೇಸಿಗೆಯಲ್ಲಿ ಯಾರು ಮುಟ್ಟುತ್ತಾರೆ? ನೀವು ದೂರದಿಂದ ಬಂದಿರಿ, ಇಲ್ಲ ಎನ್ನಲಾಗಲಿಲ್ಲ. ಈಗ ನೋಡಿದವರೆಲ್ಲ ಬೇಸಿಗೆಯಲ್ಲೇ ಅಗೆಯುತ್ತಾರಲ್ಲ.” ಅಷ್ಟು ಹೇಳಿ, ತೆರೆಯ ಮೇಲಿನ ಬಂಡೆಯ ಕಡೆಗೆ ಕೈ ತೋರಿಸಿದರು. ಆ ಬಂಡೆಯನ್ನು ನೋಡಿದರೆ ಜಾಗ ಯಾವುದೆಂದು ಸುತ್ತಲಿನ ದನಗಾಹಿಗಳಿಗೆಲ್ಲ ತಿಳಿಯುತ್ತದೆ, ಬೇರಿನ ವ್ಯಾಪಾರಿಗಳಿಗೂ ತಿಳಿಯುತ್ತದೆ.

ಅಮೆರಿಕದ ಚಿತ್ರ ನಿರ್ದೇಶಕ ಫ್ಲಾಹರ್ಟಿ, 1922ರಲ್ಲಿ ತೆರೆಕಂಡ ಕೆನಡಾದ ಇನ್ಯೂಟ್ ಜನರ ಚಿತ್ರವನ್ನು ತೆಗೆಯುವಾಗ, ಒಳಗೆ ಬೆಳಕು ಸಾಲದೆಂದು ಹಿಮದ ಮನೆಯನ್ನು ಅರ್ಧ ತೆರೆದು ಕಟ್ಟಿಸಿದ್ದರು. ಬಂದೂಕು ಬಂದಿದ್ದ ಕಾಲದಲ್ಲಿ ಭರ್ಜಿಯಿಂದ ಬೇಟೆಯಾಡಿಸಿದ್ದರು. ನಾನು ಅದನ್ನು ತರಗತಿಯಲ್ಲಿ ಖಂಡಿಸಿ ಪಾಠ ಮಾಡಿದವನು. ಅದೇ ನಾನು ಅಜ್ಜಿಯ ಕೈಯಿಂದ ಕಾರ್ತಿಕದ ಕೆಲಸವನ್ನು ವೈಶಾಖದಲ್ಲಿ ಮಾಡಿಸಿದ್ದೆ. ತಪ್ಪು ಹಿಡಿದವರು ಅವರು, ಮೂರು ಪ್ರದರ್ಶನಗಳ ಒಬ್ಬ ಪ್ರೇಕ್ಷಕನಿಗೂ ಅದು ಕಾಣಲಿಲ್ಲ.

ಬಂಡೆಯ ದೃಶ್ಯ ತೆಗೆದೆವು. ಕೊಳಲನ್ನೂ ತೆಗೆದೆವು. ತೆಗೆದ ಕೂಡಲೇ ಅದರಡಿಯಲ್ಲಿದ್ದದ್ದು ಮೇಲೆ ಬಂತು: ಗಾಳಿಯಂತ್ರಗಳ ಸದ್ದು, ಗುಡ್ಡದ ನೆತ್ತಿಯಿಂದ ಒಂದೇ ಸಮನೆ, ಅಜ್ಜಿ ಗಿಡದ ಜೊತೆ ಆಡುವ ಪಿಸುಮಾತಿನ ಹಿಂದೆ. ಅದನ್ನು ಹಾಗೆಯೇ ಉಳಿಸಿದ್ದೇವೆ. ಇಂದಿನ ಕಪ್ಪತಗುಡ್ಡಕ್ಕೆ ಆ ಸದ್ದೂ ಸೇರಿದೆ.

ಇನ್ನೂ ಗಂಭೀರವಾದ ಸಂಗತಿಯೊಂದಿದೆ. 2019ರಿಂದ ಈ ಗುಡ್ಡದ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮ. ಅನುಮತಿಯಿಲ್ಲದೆ ಅಲ್ಲಿಂದ ಬೇರು ಕೀಳುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ನಾಳೆ ನೀವು ಒಬ್ಬರ ಮುಖವನ್ನೂ ಅವರ ಕೈಯಲ್ಲಿರುವ ಬೇರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದರೆ, ಅದು ನಿಮಗೆ ಸಾಕ್ಷ್ಯಚಿತ್ರ, ಅವರ ವಿರುದ್ಧ ಬರೀ ಸಾಕ್ಷ್ಯ. ಅವರಿಗೆ ಮೊದಲು ತೋರಿಸಿ ಎಂದು ನಾನು ಮತ್ತೆ ಮತ್ತೆ ಹೇಳುವುದಕ್ಕೆ ಇದೂ ಕಾರಣ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷವಂತೆ. ಅಮೆಜಾನಿನ ಕಯಾಪೊ ಜನರ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. 1989ರಲ್ಲಿ ಶಿಂಗು ನದಿಯ ಅಣೆಕಟ್ಟುಗಳ ವಿರುದ್ಧ ಆಲ್ತಮೀರಾದಲ್ಲಿ ಸೇರಿದಾಗ ಅವರ ಕೈಯಲ್ಲೇ ವಿಡಿಯೊ ಕ್ಯಾಮೆರಾಗಳಿದ್ದವು. ಕಯಾಪೊ ಜನರಿಗೆ ನೆರವಾದವರು ಮಾನವಶಾಸ್ತ್ರಜ್ಞ ಟೆರೆನ್ಸ್ ಟರ್ನರ್. ಕ್ಯಾಮೆರಾವನ್ನೇ ಕೊಟ್ಟುಬಿಡುವ ಆ ವಿಷಯ ಇನ್ನೊಂದು ದಿನಕ್ಕೆ ಇರಲಿ.

ವಿದ್ಯಾರ್ಥಿಗಳಿಗೆ ಒಂದು ಸೂಚನೆ ಮಾತ್ರ ಬಾಕಿ. ಭಾನುವಾರ ರಾತ್ರಿ ಊಟವಾದ ಮೇಲೆ ಗುಡಿಯ ಮುಂದೆ ಸೇರುವುದಾಗಿ ಊರ ಹಿರಿಯರು ಒಪ್ಪಿದ್ದಾರೆ. ಅಷ್ಟರೊಳಗೆ ತೆಗೆದಷ್ಟನ್ನು, ಕತ್ತರಿಸದೆ, ಅಲ್ಲಿಯೇ ತೋರಿಸಬೇಕು. ಪ್ರೊಜೆಕ್ಟರ್ ನಾನು ತರುತ್ತೇನೆ. ಗುಡಿಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದಾರಂತೆ, ಆದರೂ ನಿಮ್ಮಲ್ಲೊಬ್ಬರು ಬಿಳಿಯ ದುಪ್ಪಟಿ ಇಟ್ಟುಕೊಂಡಿರಿ.