ಮೊದಲು ಆಟಗಾರರು, ಆಮೇಲೆ ಪ್ರಪಂಚ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದ್ರೆ ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಡೈಸ್ ಉರುಳಿಸಿ, ಮಾತಲ್ಲೇ ಕಥೆ ಕಟ್ಟೋ ಆಟ; ಅದನ್ನ ಆಡಿಸೋರು ಡಿಎಂ (ಡಂಜನ್ ಮಾಸ್ಟರ್). ಸ್ವಂತ ಪ್ರಪಂಚ ಕಟ್ಟಿ ಇದನ್ನ ಆನ್‌ಲೈನಲ್ಲಿ ಆಡಿಸ್ಬೇಕು ಅಂತ ಹೊರಟವರು ಮೊದಲು ಕೈ ಹಾಕೋದು ಮ್ಯಾಪಿಗೆ. ಒಂದು ಖಂಡ, ಅದರಲ್ಲಿ ಏಳು ರಾಜ್ಯ, ಪ್ರತಿ ರಾಜ್ಯಕ್ಕೂ ವಂಶಾವಳಿ, ಸಾವಿರ ವರ್ಷದ ಇತಿಹಾಸ. ಅದೆಲ್ಲ ಬರೆದು ಮುಗಿದ ಮೇಲೆ ಆಟಗಾರರನ್ನ ಹುಡುಕ್ತಾರೆ. ಬಂದ ನಾಲ್ಕು ಜನ ಮೊದಲನೇ ಸೆಷನ್ನಲ್ಲಿ ಛತ್ರದ ಯಜಮಾನನನ್ನ ಮಾತಾಡಿಸ್ತಾರೆ, ಪಕ್ಕದ ಗುಹೆಗೆ ಇಳೀತಾರೆ, ಅಷ್ಟಕ್ಕೇ ಮೂರು ಗಂಟೆ ಆಗಿರತ್ತೆ. ಏಳು ರಾಜ್ಯದಲ್ಲಿ ಆರರ ಹೆಸರು ಯಾರ ಬಾಯಲ್ಲೂ ಬರಲ್ಲ. ಬರೆದಿದ್ದು ವ್ಯರ್ಥ ಆಗಬಾರದು ಅಂತ ಡಿಎಂ ಎಲ್ಲರನ್ನೂ ಅದರ ಕಡೆಗೇ ಎಳೀತಾರೆ, ಆಟ ಉಪನ್ಯಾಸ ಆಗ್ಬಿಡತ್ತೆ.

ಈ ಕ್ರಮವನ್ನೇ ತಿರುಗಿಸಿ ಅಂತ ನಾನು ಹೇಳ್ತೀನಿ. ಒಂದೇ ಒಂದು ಪುಟ ಬರೀರಿ. ಆ ಪುಟ ಹಿಡ್ಕೊಂಡು ಆಟಗಾರರನ್ನ ಹುಡುಕಿ. ಅವರು ಸಿಕ್ಕಿದ ಮೇಲೆ, ಅವರು ಕಾಲಿಡೋ ಜಾಗ ಮಾತ್ರ ಕಟ್ಟಿ.

ಆ ಪುಟದಲ್ಲಿ ಪ್ರಪಂಚದ ಬಗ್ಗೆ ಮೂರು ವಾಕ್ಯ ಸಾಕು. ಉಳಿದಿದ್ದೆಲ್ಲ ವ್ಯವಹಾರದ ಮಾತು: ಯಾವ ಎಡಿಷನ್ (ನಿಯಮ ಪುಸ್ತಕದ ಆವೃತ್ತಿ), ಪಾತ್ರಗಳು ಎಷ್ಟನೇ ಲೆವೆಲ್ಲಿಂದ (ಬಲದ ಹಂತದಿಂದ) ಶುರು, ಯಾವ ವಾರ, ಎಷ್ಟು ಗಂಟೆಗೆ, ಯಾವ ಟೈಮ್‌ಝೋನ್, ಎಷ್ಟು ಸೆಷನ್, ದುಡ್ಡಿದೆಯಾ ಇಲ್ವಾ, ಮೈಕ್ ಕಡ್ಡಾಯನಾ, ಯಾವ ಭಾಷೆ. ಎಡಿಷನ್ ಯಾಕೆ ಬರೀಬೇಕು ಅಂದ್ರೆ, 2014ರ ಪುಸ್ತಕ ಮತ್ತು 2024ರ ಪುಸ್ತಕ ಎರಡನ್ನೂ ಜನ ಫಿಫ್ತ್ ಎಡಿಷನ್ ಅಂತಾನೇ ಕರೀತಾರೆ, ಆದ್ರೆ ಲೆಕ್ಕ ಬೇರೆ ಬೇರೆ. ಪುಸ್ತಕ ಕೊಳ್ಳೋಕೆ ಆಗದವರಿಗೂ ದಾರಿ ಇದೆ. 2023ರ ಜನವರಿಯಿಂದ ಎಸ್‌ಆರ್‌ಡಿ 5.1, ಅಂದ್ರೆ ಮೂಲ ನಿಯಮಗಳ ಸಂಗ್ರಹ, ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿ ಉಚಿತವಾಗಿದೆ. ಮೂಲದ ಹೆಸರು ಹಾಕಿದ್ರೆ ಅದನ್ನ ಕನ್ನಡಕ್ಕೆ ತಂದು ಹಂಚಬಹುದು ಕೂಡ.

ಭಾಷೆ ವಿಷಯದಲ್ಲಿ ಸಂಕೋಚ ಬೇಡ. ಕನ್ನಡದಲ್ಲಿ ಆಡಿಸೋದಾದ್ರೆ ಮೊದಲ ಸಾಲಲ್ಲೇ ಹೇಳಿ. ಅಟ್ಯಾಕ್ ರೋಲ್, ಸೇವಿಂಗ್ ಥ್ರೋ ಥರದ ನಿಯಮದ ಪದಗಳು ಇಂಗ್ಲಿಷಲ್ಲೇ ಇರ್ಲಿ, ಯಾರಿಗೂ ತೊಂದರೆ ಇಲ್ಲ. ಪಾತ್ರಗಳ ಮಾತು ಕನ್ನಡ ಆದಾಗ ಡಿಎಂಗೆ ಸಿಗೋ ಬಲ ದೊಡ್ಡದು. ಧಾರವಾಡದ ಕಡೆ ಮಾತಾಡೋ ವ್ಯಾಪಾರಿ, ಕುಂದಾಪುರದ ಕಡೆ ಮಾತಾಡೋ ದೋಣಿಯವನು, ಇಬ್ಬರನ್ನೂ ಪರಿಚಯ ಮಾಡ್ಕೊಡೋಕೆ ಒಂದೊಂದು ವಾಕ್ಯ ಸಾಕು. ಕೋಟೆ ಬಾಗಿಲ ಕಾವಲುಗಾರ ಬಿರುದು ಪಡೆದ ಯೋಧನನ್ನ (ನೈಟ್) ಏಕವಚನದಲ್ಲಿ ಕರೆದ ಅಂದ್ರೆ ದೃಶ್ಯ ತಾನಾಗೇ ಶುರುವಾಗತ್ತೆ.

ಇನ್ನು ಹುಡುಕೋದು. ರೆಡಿಟ್‌ನಲ್ಲಿ ಎಲ್‌ಎಫ್‌ಜಿ (ಲುಕಿಂಗ್ ಫಾರ್ ಗ್ರೂಪ್) ಅನ್ನೋ ವಿಭಾಗ ಇದೆ, ಮ್ಯಾಪ್ ಇಟ್ಟು ಆನ್‌ಲೈನಲ್ಲಿ ಆಡಿಸೋ ಸೈಟ್ ರೋಲ್20ರ ಒಳಗೇ ಆಟ ಹುಡುಕೋ ಪುಟ ಇದೆ, ಡಿಸ್ಕಾರ್ಡ್ ಅನ್ನೋ ಚಾಟ್ ಆ್ಯಪಿನ ಸರ್ವರ್‌ಗಳಿವೆ. ಎಲ್ಲಾ ಕಡೆ ಆಡೋರು ಜಾಸ್ತಿ, ಆಡಿಸೋರು ಕಮ್ಮಿ. ಹಾಗಾಗಿ ಡಿಎಂ ಹಾಕೋ ಪೋಸ್ಟಿಗೆ ಜನ ಬಂದೇ ಬರ್ತಾರೆ, ಸರಿಯಾದವರನ್ನ ಆರಿಸೋದೇ ಕೆಲಸ. ಮೊದಲು ಬಂದವರನ್ನ ತಗೊಂಡ್ರೆ ನಿಮಗೆ ಸಿಗೋದು ಆ ಗಂಟೇಲಿ ಆನ್‌ಲೈನ್ ಇದ್ದವರು, ಅಷ್ಟೇ. ಒಂದು ಗೂಗಲ್ ಫಾರ್ಮ್ ಮಾಡಿ, ಐದಾರು ಪ್ರಶ್ನೆ ಹಾಕಿ. ಒಂದು ಪ್ರಶ್ನೆಯ ಉತ್ತರ ನಿಮ್ಮ ಪೋಸ್ಟಲ್ಲೇ ಇರ್ಲಿ, ಓದದೆ ಅರ್ಜಿ ಹಾಕಿದವರು ಅಲ್ಲೇ ಗೊತ್ತಾಗ್ತಾರೆ. ಇನ್ನೊಂದು ಪ್ರಶ್ನೆ: ಬೇರೆ ಆಟಗಾರರ ಪಾತ್ರ ಮಾಡಿದ ಕೆಲಸಗಳಲ್ಲಿ ನಿಮಗೆ ಇಷ್ಟವಾದದ್ದು ಯಾವುದು? ಬರೀ ತಮ್ಮ ಪಾತ್ರದ ಪ್ರತಾಪವನ್ನೇ ಬರೆದವರ ಬಗ್ಗೆ ಎಚ್ಚರವಾಗಿರಿ. ಹೊಸಬರಾದ್ರೆ ಈ ಪ್ರಶ್ನೆ ಬಿಟ್ಟುಬಿಡಬಹುದು, ಅನುಭವ ಇಲ್ಲ ಅನ್ನೋದು ದೋಷ ಅಲ್ಲವೇ ಅಲ್ಲ. ಆಮೇಲೆ ಒಬ್ಬೊಬ್ಬರ ಜೊತೆ ಹತ್ತು ಹದಿನೈದು ನಿಮಿಷ ವಾಯ್ಸ್ ಕಾಲ್. ಕೊನೆಗೆ ಒಂದು ಒನ್‌ಶಾಟ್ (ಒಂದೇ ಸೆಷನ್ನಲ್ಲಿ ಮುಗಿಯೋ ಕಥೆ) ಆಡಿಸಿ, ಅದರಲ್ಲಿ ಹೊಂದಿಕೊಂಡವರನ್ನ ಕ್ಯಾಂಪೇನ್‌ಗೆ (ಹಲವು ಸೆಷನ್ ನಡೆಯೋ ದೊಡ್ಡ ಕಥೆಗೆ) ಕರೀರಿ. ಉಳಿದವರಿಗೆ ಒಂದು ಸಾಲು ಬರೆದು ತಿಳಿಸೋದು ಮರ್ಯಾದೆ.

ಎಷ್ಟು ಜನ? ಐದು ಜನರನ್ನ ತಗೊಳ್ಳಿ, ಮೂವರು ಬಂದ್ರೆ ಆಡ್ತೀವಿ ಅಂತ ಮೊದಲೇ ಹೇಳ್ಬಿಡಿ. ಎಲ್ಲರೂ ಬಂದ್ರೆ ಮಾತ್ರ ಅಂತ ಇಟ್ಕೊಂಡ್ರೆ ಮದುವೆ, ಆಫೀಸು, ಜ್ವರ, ಒಂದಲ್ಲ ಒಂದು ಕಾರಣಕ್ಕೆ ರದ್ದಾಗ್ತಾ ಹೋಗತ್ತೆ. ಎರಡು ವಾರ ಸತತವಾಗಿ ರದ್ದಾದ್ರೆ ಮೂರನೇ ವಾರ ಯಾರೂ ಕೇಳಲ್ಲ.

ಹೊರದೇಶದಲ್ಲಿರೋ ಕನ್ನಡಿಗರನ್ನ ಸೇರಿಸ್ಕೊಂಡಾಗ ಗಡಿಯಾರ ನೋಡ್ಲೇಬೇಕು. ಬೆಂಗಳೂರಿನ ಭಾನುವಾರ ಬೆಳಿಗ್ಗೆ 9 ಗಂಟೆ ಅಂದ್ರೆ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ರಾತ್ರಿ 8:30. ಒಳ್ಳೇ ಹೊತ್ತು. ಆದ್ರೆ ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗತ್ತೆ, ನಮ್ಮದು ಹೋಗಲ್ಲ. ಅವರು 8:30ಕ್ಕೇ ಬಂದ್ರೆ ಇಲ್ಲಿ 10 ಆಗಿರತ್ತೆ. ಲಂಡನ್‌ನಲ್ಲಿ ಒಬ್ಬರಿದ್ರೆ ಅವರದ್ದು ಅಕ್ಟೋಬರ್ ಕೊನೇ ಭಾನುವಾರವೇ ಬದಲಾಗಿರತ್ತೆ. ಡಿಸ್ಕಾರ್ಡ್‌ನ ಟೈಮ್‌ಸ್ಟ್ಯಾಂಪ್ ಬಳಸಿ, ಪ್ರತಿಯೊಬ್ಬರಿಗೂ ಅವರವರ ಊರಿನ ಸಮಯವೇ ಕಾಣತ್ತೆ.

ಜನ ಸಿಕ್ಕಿದ ಮೇಲೆ ಸೆಷನ್ ಝೀರೋ. ಡೈಸ್ ಮುಟ್ಟದೆ, ಮಾತಾಡೋಕೆ ಅಂತಲೇ ಎರಡು ಗಂಟೆ. ಗೇಮ್ ಡಿಸೈನರ್ ರಾನ್ ಎಡ್ವರ್ಡ್ಸ್ ಹೇಳಿದ ಲೈನ್ಸ್ ಮತ್ತು ವೇಲ್ಸ್ (ಗೆರೆ ಮತ್ತು ಪರದೆ) ಇಲ್ಲಿ ಕೆಲಸಕ್ಕೆ ಬರತ್ತೆ: ಯಾವುದು ಕಥೆಯಲ್ಲಿ ಬರಲೇಬಾರದು, ಯಾವುದು ತೆರೆಮರೆಯಲ್ಲಿ ನಡೀಬಹುದು. ನಮ್ಮ ಮಣ್ಣಿನ ವಾಸನೆ ಇರೋ ಪ್ರಪಂಚ ಕಟ್ಟೋರು ಜಾತಿಯ ಪ್ರಶ್ನೆಯನ್ನ ಇಲ್ಲೇ ಬಿಡಿಸಿ ಕೇಳ್ಬೇಕು. ಅವಮಾನದ ದೃಶ್ಯ ಒಬ್ಬರಿಗೆ ಕಥೆ, ಪಕ್ಕದವರಿಗೆ ಅನುಭವಿಸಿದ್ದು. ಕೇಳದೆ ಮೇಜಿಗೆ ತರೋ ಹಕ್ಕು ಡಿಎಂಗೆ ಇಲ್ಲ. ಅದೇ ದಿನ ಪ್ರತಿಯೊಬ್ಬ ಆಟಗಾರರಿಂದಲೂ ಎರಡು ವಿಷಯ ಪಡ್ಕೊಳ್ಳಿ. ಈ ಊರಲ್ಲಿ ನಿನ್ನ ಪಾತ್ರ ಯಾರಿಗೆ ಋಣಿ? ಯಾರ ಮುಖ ನೋಡೋಕೆ ಇಷ್ಟ ಇಲ್ಲ? ಐದು ಜನಕ್ಕೆ ಹತ್ತು ಪಾತ್ರ ಸಿಕ್ಕವು. ಊರು ಅರ್ಧ ಎದ್ದುನಿಂತ ಹಾಗೆ.

ಈಗ ಕಟ್ಟಿ. ಒಂದು ಊರು, ಒಂದು ಅಪಾಯ, ಇಳಿದು ನೋಡೋ ಒಂದು ಜಾಗ. ಚಿತ್ರದುರ್ಗದ ಕೋಟೆ ನೋಡಿದವರಿಗೆ ಬೇರೆ ಡಂಜನ್ ಮ್ಯಾಪ್ ಯಾಕೆ ಬೇಕು? ಮೇಲಿನ ಹೊಂಡ ತುಂಬಿದ್ರೆ ನೀರು ಕೆಳಗಿನ ಹೊಂಡಕ್ಕೆ ಇಳಿಯೋ ಹಾಗೆ ಕಟ್ಟಿರೋ ಕೋಟೆ ಅದು. ಅದನ್ನೇ ಇಟ್ಕೊಂಡು ನೋಡೋಣ. ಊರಿನ ನೀರು ಕೆಡ್ತಿದೆ, ಕಾರಣ ಮೇಲಿನ ಹೊಂಡದಲ್ಲಿದೆ. ಆಟಗಾರರು ಇದನ್ನ ಕಂಡುಹಿಡೀಬೇಕು. ನೀವು ಒಂದೇ ಸುಳಿವು ಇಟ್ಟು, ಅದನ್ನೂ ಡಿಸಿ 15ರ ಪರ್ಸೆಪ್ಷನ್ ಹಿಂದೆ, ಅಂದ್ರೆ ಗಮನಿಸೋ ಸಾಮರ್ಥ್ಯದ ರೋಲಲ್ಲಿ 15 ಮುಟ್ಟಿದ್ರೆ ಮಾತ್ರ ಸಿಗೋ ಹಾಗೆ, ಬಚ್ಚಿಟ್ರೆ ಏನಾಗತ್ತೆ? ರೋಲಿಗೆ 3 ಸೇರಿಸ್ಕೊಳ್ಳೋ (ಪ್ಲಸ್ 3) ಪಾತ್ರಕ್ಕೆ 20 ಮುಖದ ಡೈಸಲ್ಲಿ 12 ಅಥವಾ ಅದಕ್ಕಿಂತ ಹೆಚ್ಚು ಬೀಳ್ಬೇಕು, ಅಂದ್ರೆ ನೂರಕ್ಕೆ 45. ಅರ್ಧಕ್ಕಿಂತ ಹೆಚ್ಚು ಸಲ ನಿಮ್ಮ ಕಥೆ ಅಲ್ಲೇ ನಿಂತ್ಹೋಗತ್ತೆ. ಈ ಥರದ ಆಟಗಳ ಬಗ್ಗೆ ಬ್ಲಾಗ್ ಬರೆಯೋ ಜಸ್ಟಿನ್ ಅಲೆಕ್ಸಾಂಡರ್ ಹೇಳೋ ನಿಯಮ ಇದಕ್ಕೇ: ಗೊತ್ತಾಗಲೇಬೇಕಾದ ಪ್ರತಿ ವಿಷಯಕ್ಕೂ ಕನಿಷ್ಠ ಮೂರು ಸುಳಿವು. ತೂಬಿನ ಬಾಯಲ್ಲಿ ಸತ್ತ ಮೀನು ತೇಲಿ ಬರ್ತಿವೆ. ನೀರಗಂಟಿ ಮೂರು ದಿನದಿಂದ ಕಾಣ್ತಿಲ್ಲ, ಅವನ ಹೆಂಡತಿ ಬಾಗಿಲು ತೆಗೀತಿಲ್ಲ. ಮೇಲಿನ ಹೊಂಡದ ಮೆಟ್ಟಿಲ ಮೇಲೆ ಹೊಸ ದೀಪದ ಮಸಿ. ಮೊದಲನೆಯದಕ್ಕೆ ರೋಲೇ ಬೇಡ, ಕಣ್ಣಿಗೆ ಕಾಣತ್ತೆ.

ಹೊಡೆದಾಟದ ಲೆಕ್ಕ ಹೊಸ ಡಿಎಂಗಳು ತಪ್ಪೋ ಜಾಗ. ಮೊದಲನೇ ಲೆವೆಲ್ಲಿನ ನಾಲ್ಕು ಜನರ ಎದುರು ನಾಲ್ಕು ಗಾಬ್ಲಿನ್ (ಕುಳ್ಳ ರಾಕ್ಷಸರು) ಅಂದ್ರೆ ಸಮಬಲ ಅನ್ಸತ್ತೆ. 2014ರ ಲೆಕ್ಕ ಹಾಕಿ: ಒಂದಕ್ಕೆ 50 ಎಕ್ಸ್‌ಪಿ (ಸೋಲಿಸಿದ್ರೆ ಸಿಗೋ ಅನುಭವದ ಅಂಕ), ನಾಲ್ಕಕ್ಕೆ 200, ಗುಂಪಲ್ಲಿರೋದ್ರಿಂದ ಎರಡರಿಂದ ಗುಣಿಸಿದ್ರೆ 400. ಅದು ಸರಿಯಾಗಿ ಡೆಡ್ಲಿ, ಅಂದ್ರೆ ಅತಿ ಅಪಾಯದ ಹಂತದ ಗೆರೆ. 2024ರ ಪುಸ್ತಕ ಆ ಗುಣಾಕಾರವನ್ನೇ ಕೈಬಿಟ್ಟಿದೆ, ಅದೇ ಗುಂಪು ಅಲ್ಲಿ ಲೋ, ಅಂದ್ರೆ ಕಡಿಮೆ ಅಪಾಯ. ಹೆಸರನ್ನ ನಂಬಬೇಡಿ, ಏಟು ಎಣಿಸಿ. ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) 14 ಇರೋ ವಿಝರ್ಡ್‌ಗೆ (ಮಂತ್ರವಾದಿಗೆ) 8 ಹಿಟ್ ಪಾಯಿಂಟ್ (ಅಷ್ಟು ಏಟು ಬಿದ್ರೆ ನೆಲಕ್ಕೆ), ಎಸಿ 12 (ಏಟು ತಗಲೋಕೆ ಎದುರಾಳಿಯ ರೋಲ್ ಮುಟ್ಟಬೇಕಾದ ಅಂಕಿ). ಗಾಬ್ಲಿನ್‌ಗೆ ಪ್ಲಸ್ 4, ಅಂದ್ರೆ ನೂರಕ್ಕೆ 65 ಸಲ ತಗಲತ್ತೆ, ಸರಾಸರಿ ಐದರ ಮೇಲೆ ಏಟು. ನಾಲ್ಕೂ ಅವನ ಮೇಲೇ ಬಿದ್ರೆ ಅವನು ತನ್ನ ಸರದಿ ಬರೋ ಮೊದಲೇ ನೆಲಕ್ಕೆ ಬೀಳಬಹುದು. ಅದೇ ನಾಲ್ಕು ಗಾಬ್ಲಿನ್‌ಗಳನ್ನ ಓಬವ್ವನ ಕಿಂಡಿಯಂಥ ಜಾಗದಲ್ಲಿ ನಿಲ್ಲಿಸಿ, ಒಂದು ಸಲಕ್ಕೆ ಒಂದೇ ನುಗ್ಗೋಕೆ ಆಗೋ ಹಾಗೆ, ಬಿಲ್ಲಿಗೆ ಗುರಿ ಸಿಗದ ಹಾಗೆ ಒಂದು ತಿರುವು ಕೊಟ್ಟು. ಒಂದು ಅಂಕಿಯನ್ನೂ ಬದಲಾಯಿಸದೆ ಹೊಡೆದಾಟದ ತೂಕ ಬದಲಾಗತ್ತೆ. ನಿಯಮ ತಿದ್ದೋಕೆ ಮುಂಚೆ ಜಾಗ ತಿದ್ದಿ.

ತಾಂತ್ರಿಕ ವಿಷಯ ಚುಟುಕಾಗಿ. ಮ್ಯಾಪ್ ತೋರಿಸಿ ಆಡಿಸೋಕೆ ಶುರುವಿಗೆ ಔಲ್‌ಬೇರ್ ರೋಡಿಯೋ ಅಥವಾ ರೋಲ್20ರ ಉಚಿತ ಖಾತೆ ಸಾಕು. ರೋಲ್20ರಲ್ಲಿ ಒಂದು ಚೌಕ 70 ಪಿಕ್ಸೆಲ್, ಹಾಗಾಗಿ 30 ಚೌಕ ಅಗಲ 20 ಚೌಕ ಎತ್ತರದ ಮ್ಯಾಪ್ 2100ಕ್ಕೆ 1400 ಇರ್ಲಿ. ಇಲ್ಲದಿದ್ರೆ ಗೋಡೆ ಒಂದು ಕಡೆ, ಗೆರೆ ಒಂದು ಕಡೆ. ತುಂಬಾ ದೊಡ್ಡ ಚಿತ್ರ ಹಾಕಿದ್ರೆ ಮೊಬೈಲ್ ಡೇಟಾದಲ್ಲಿ ಇರೋರಿಗೆ ಮ್ಯಾಪೇ ತೆರೆಯಲ್ಲ. ಫೌಂಡ್ರಿ ಅನ್ನೋ ಇದೇ ಥರದ ಸಾಫ್ಟ್‌ವೇರ್ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳೋದು, ಡಿಎಂ ಒಬ್ಬರು ಕೊಂಡ್ರೆ ಸಾಕು. ಆದ್ರೆ ಮನೆ ಕಂಪ್ಯೂಟರಿಂದ ನಡೆಸೋಕೆ ಹೋದಾಗ ಇಲ್ಲಿ ಹಲವರಿಗೆ ಪೋರ್ಟ್ 30000 (ಆಟಗಾರರು ಫೌಂಡ್ರಿಗೆ ಬಂದು ಸೇರೋ ಬಾಗಿಲು) ಹೊರಗಿಂದ ತೆರೆಯಲ್ಲ. ನಮ್ಮ ಎಷ್ಟೋ ಇಂಟರ್ನೆಟ್ ಕಂಪನಿಗಳು ಒಂದೇ ಇಂಟರ್ನೆಟ್ ವಿಳಾಸವನ್ನ ಹಲವಾರು ಮನೆಗಳಿಗೆ ಹಂಚಿರೋದು ಕಾರಣ. ರೂಟರ್ ಸೆಟ್ಟಿಂಗ್ ಎಷ್ಟು ತಿದ್ದಿದ್ರೂ ಪ್ರಯೋಜನ ಇಲ್ಲ. ಆ ಅಡ್ಡಿ ದಾಟಿಸೋ ಟನೆಲ್ ಸಾಫ್ಟ್‌ವೇರ್ ಹಾಕಿ, ಅಥವಾ ಬಾಡಿಗೆ ಸರ್ವರ್ ತಗೊಳ್ಳಿ, ಮತ್ತು ಸೆಷನ್ ದಿನ ಅಲ್ಲ, ಎರಡು ದಿನ ಮುಂಚೆ ಒಬ್ಬ ಆಟಗಾರರ ಹತ್ರ ಲಿಂಕ್ ತೆರೆಸಿ ನೋಡಿ.

ಪ್ರತಿ ಸೆಷನ್ನಿನ ಕೊನೇ ಹತ್ತು ನಿಮಿಷ ಮುಂದಿನ ತಯಾರಿಗೆ ಇಟ್ಕೊಳ್ಳಿ. ಮುಂದಿನ ವಾರ ಎಲ್ಲಿಗೆ ಹೋಗ್ತೀರಿ ಅಂತ ಎಲ್ಲರ ಎದುರೇ ಕೇಳಿ, ಉತ್ತರ ಡಿಸ್ಕಾರ್ಡಲ್ಲಿ ಬರೆದು ಪಿನ್ ಮಾಡಿ. ನೀರಗಂಟಿಯ ಮನೆಗೆ ಅಂದ್ರೆ ಆ ಮನೆ ಬರೀರಿ, ಅವನ ಹೆಂಡತಿ ಏನು ಮುಚ್ಚಿಡ್ತಿದ್ದಾಳೆ ಅಂತ ಬರೀರಿ. ಮೇಲಿನ ಹೊಂಡಕ್ಕೆ ಅಂದ್ರೆ ಆ ಮೆಟ್ಟಿಲು, ಆ ನೀರು, ಅದರೊಳಗೆ ಇರೋದು. ಪಕ್ಕದ ರಾಜ್ಯದ ರಾಜನಿಗೆ ಹೆಸರಿಡೋದು ಅವರು ಅವನ ಬಗ್ಗೆ ಕೇಳಿದ ದಿನ.