ಮರೆವು ಕವಿದ ಸಂಗಾತಿಯೊಡನೆ ಮನೆಯಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

1901ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮನೋರೋಗಗಳ ಆಸ್ಪತ್ರೆಗೆ ಔಗುಸ್ಟೆ ಡೇಟರ್ ಎಂಬ 51 ವರ್ಷದ ಗೃಹಿಣಿಯನ್ನು ಕರೆತಂದರು. ಅಲ್ಲಿನ ವೈದ್ಯ ಅಲೋಯಿಸ್ ಆಲ್‌ಝೈಮರ್ ಆಕೆಯ ಎದುರು ಕುಳಿತು ಕೇಳಿದ ಪ್ರಶ್ನೆಗಳೂ ಆಕೆ ಕೊಟ್ಟ ಉತ್ತರಗಳೂ ಇಂದಿಗೂ ಉಳಿದಿವೆ. ನಿಮ್ಮ ಗಂಡನ ಹೆಸರೇನು ಎಂದು ಕೇಳಿದಾಗ ಆಕೆ ತನ್ನ ಹೆಸರನ್ನೇ ಹೇಳಿದಳು. ತನಗೇನಾಗಿದೆ ಎಂಬುದಕ್ಕೆ ಆಕೆ ಕೊಟ್ಟ ವಿವರಣೆ ಒಂದೇ ಮಾತಿನದು: ನನ್ನನ್ನು ನಾನೇ ಕಳೆದುಕೊಂಡಿದ್ದೇನೆ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಲ್‌ಝೈಮರ್ ಆಕೆಯ ಮಿದುಳನ್ನು ಪರೀಕ್ಷಿಸಿ, ಅದರಲ್ಲಿ ಕಂಡ ಗಂಟುಗಳನ್ನೂ ನರಕೋಶಗಳ ನಡುವೆ ಕಟ್ಟಿಕೊಂಡಿದ್ದ ಜಡ್ಡನ್ನೂ ಅದೇ ವರ್ಷ ವೈದ್ಯರ ಸಭೆಯೊಂದರ ಮುಂದೆ ವಿವರಿಸಿದರು. 1910ರಲ್ಲಿ ಈ ರೋಗಕ್ಕೆ ಅವರ ಹೆಸರೇ ಬಂತು.

ಈ ವೃತ್ತಾಂತವನ್ನು ಓದಿದಾಗಲೆಲ್ಲ ನನ್ನ ಮನಸ್ಸು ಹೋಗಿ ನಿಲ್ಲುವುದು ಆಕೆಯ ಗಂಡನ ಬಳಿ. ಅವನು ರೈಲ್ವೆಯಲ್ಲಿ ಗುಮಾಸ್ತನಾಗಿದ್ದವನು, ಹೆಸರು ಕಾರ್ಲ್. ಆಲ್‌ಝೈಮರ್ ಬರೆದಿಟ್ಟ ಪ್ರಕಾರ ಆಕೆಯಲ್ಲಿ ಎಲ್ಲಕ್ಕಿಂತ ಮೊದಲು ಕಾಣಿಸಿಕೊಂಡದ್ದು ಗಂಡನ ಮೇಲಿನ ಸಂಶಯ ಮತ್ತು ಅಸೂಯೆ. ಮರೆವು ಎದ್ದು ಕಂಡದ್ದು ಅದರ ಬೆನ್ನಿಗೆ. ಆಸ್ಪತ್ರೆಯ ಬಾಗಿಲು ತಲುಪುವ ಮೊದಲಿನ ಆ ತಿಂಗಳುಗಳಲ್ಲಿ, ರೋಗಕ್ಕೆ ಇನ್ನೂ ಹೆಸರೇ ಇಲ್ಲದಿದ್ದ ಕಾಲದಲ್ಲಿ, ಆ ಮನೆಯ ರಾತ್ರಿಗಳು ಹೇಗೆ ಕಳೆದಿರಬಹುದು ಎಂಬುದನ್ನು ಊಹಿಸಲು ನನಗೆ ಹೆಚ್ಚು ಕಷ್ಟವಾಗುವುದಿಲ್ಲ. ಒಂಬತ್ತು ವರ್ಷಗಳಿಂದ ನಾನು ಅದೇ ರೋಗಕ್ಕೆ ತುತ್ತಾದ ನನ್ನ ಪತ್ನಿಯನ್ನು ಮನೆಯಲ್ಲಿಯೇ ನೋಡಿಕೊಳ್ಳುತ್ತಿದ್ದೇನೆ.

ನಮ್ಮ ಭಾಷೆಯಲ್ಲಿ ಅರವತ್ತಕ್ಕೆ ಅರಳುಮರಳು ಎಂಬ ಗಾದೆಯಿದೆ. ಈ ಗಾದೆಯಿಂದ ಆಗಿರುವ ಹಾನಿ ಸಣ್ಣದಲ್ಲ ಎಂದು ನಾನು ನಂಬಿದ್ದೇನೆ, ಏಕೆಂದರೆ ವಯಸ್ಸಾದ ಮೇಲೆ ಇದೆಲ್ಲ ಸಹಜ ಎಂಬ ಸಮಾಧಾನದಲ್ಲಿ ನಾನೇ ಎರಡು ವರ್ಷ ಕಳೆದೆ. ಕನ್ನಡಕವನ್ನು ಎಲ್ಲಿಟ್ಟೆ ಎಂದು ಮರೆಯುವುದು ವಯಸ್ಸಿನ ಮರೆವು. ಕನ್ನಡಕವನ್ನು ಕೈಯಲ್ಲಿ ಹಿಡಿದು ಇದು ಯಾತಕ್ಕೆ ಎಂದು ಕೇಳುವುದು ರೋಗ. ಡಿಮೆನ್ಶಿಯಾ ಎಂಬುದು ಒಂದೇ ರೋಗದ ಹೆಸರಲ್ಲ, ಹಲವು ರೋಗಗಳು ತಂದೊಡ್ಡುವ, ನೆನಪೂ ವಿವೇಚನೆಯೂ ಕುಂದುತ್ತ ಹೋಗುವ ಒಂದು ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ 5.7 ಕೋಟಿ ಜನ ಈ ಸ್ಥಿತಿಯಲ್ಲಿದ್ದರು. ಅವರಲ್ಲಿ ಶೇಕಡಾ 60ರಿಂದ 70 ಮಂದಿಯ ತೊಂದರೆಗೆ ಆಲ್‌ಝೈಮರ್ ರೋಗ ಕಾರಣ. ಉಳಿದವರಲ್ಲಿ ಮಿದುಳಿನ ರಕ್ತನಾಳಗಳು ಕಟ್ಟಿಕೊಂಡದ್ದರಿಂದ ಬರುವ ಬಗೆ ಒಂದು, ಇಲ್ಲದ ಮನುಷ್ಯರೂ ಪ್ರಾಣಿಗಳೂ ಕಣ್ಣಿಗೆ ಕಾಣುವ ಲೂಯಿ ಬಾಡಿ ಎಂಬ ಬಗೆ ಇನ್ನೊಂದು, ಮರೆವಿಗಿಂತ ಮೊದಲು ನಡತೆಯೇ ಬದಲಾಗುವ ಮುಂಭಾಗದ ಮಿದುಳಿನ ಬಗೆ ಮತ್ತೊಂದು. ಥೈರಾಯಿಡ್ ಗ್ರಂಥಿಯ ಕೊರತೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡಪರಿಣಾಮ, ಇವೂ ಮರೆವಿನ ವೇಷದಲ್ಲಿ ಬರುತ್ತವೆ, ಮತ್ತು ಇವುಗಳಿಗೆ ಚಿಕಿತ್ಸೆ ಇದೆ. ಆದ್ದರಿಂದ ಗಾದೆಯನ್ನು ಬದಿಗಿಟ್ಟು ವೈದ್ಯರ ಬಳಿ ಹೋಗಿ ಎಂದು ಮೊದಲಿಗೇ ಕೇಳಿಕೊಳ್ಳುತ್ತೇನೆ. ಆಲ್‌ಝೈಮರ್ ರೋಗವೇ ಎಂದು ಖಚಿತವಾದರೆ, ಡೊನೆಪೆಜಿಲ್‌ನಂತಹ ಮಾತ್ರೆಗಳು ಕೆಲವರಿಗೆ ಕೆಲಕಾಲ ನೆರವಾಗುತ್ತವೆ. ರೋಗವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಬಂದಿಲ್ಲ.

ಇನ್ನು ಮನೆಯ ವಿಷಯಕ್ಕೆ ಬರುತ್ತೇನೆ.

ಮೊದಲ ವರ್ಷ ನಾನು ಮಾಡಿದ ಮುಖ್ಯ ಕೆಲಸವೆಂದರೆ ವಾದ. ಅವಳ ಚಿನ್ನದ ಬಳೆಯನ್ನು ಅವಳೇ ದಿಂಬಿನ ಚೀಲದೊಳಗೆ ಬಚ್ಚಿಟ್ಟು, ನಾನು ಕದ್ದೆನೆಂದು ಹೇಳಿದಳು. ನಾನು ದಿಂಬನ್ನು ಕೊಡವಿ ಬಳೆಯನ್ನು ಅವಳ ಮುಂದಿಟ್ಟು, ನೋಡು, ಇಲ್ಲೇ ಇದೆ, ನೀನೇ ಇಟ್ಟದ್ದು ಎಂದು ಸಾಕ್ಷಿ ಸಮೇತ ರುಜುವಾತು ಮಾಡಿದೆ. ಅವಳು ಬಳೆಯನ್ನು ನೋಡಿ, ಈಗ ತಂದಿಟ್ಟಿರಿ, ಅಷ್ಟೇ ಎಂದಳು. ಹೀಗೆ ದಿನಕ್ಕೆ ಹತ್ತು ಸಲ ನಾನು ಗೆಲ್ಲುತ್ತಿದ್ದೆ, ಹತ್ತು ಸಲವೂ ಅವಳು ಅಳುತ್ತಿದ್ದಳು. ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಒಂದು ಭಾಗವಿದೆ, ಇಂದು ನಡೆದದ್ದನ್ನು ನಾಳೆಗೆ ದಾಟಿಸುವ ಕೆಲಸ ಅದರದು. ಆಲ್‌ಝೈಮರ್ ರೋಗ ಬಹಳ ಬೇಗ ಕೈಹಾಕುವುದು ಅದಕ್ಕೇ. ಬಳೆಯನ್ನು ಬಚ್ಚಿಟ್ಟ ಘಟನೆ ಅವಳೊಳಗೆ ದಾಖಲಾಗಿಯೇ ಇರಲಿಲ್ಲ. ಬಳೆ ಇದ್ದ ಜಾಗದಲ್ಲಿ ಇಲ್ಲ, ಮನೆಯಲ್ಲಿರುವ ಇನ್ನೊಬ್ಬ ಮನುಷ್ಯ ನಾನು. ಅವಳಿಗೆ ಸಿಕ್ಕ ಮಾಹಿತಿ ಇಷ್ಟೇ ಆಗಿರುವಾಗ ಅವಳು ತಲುಪಿದ ತೀರ್ಮಾನ ತಪ್ಪೆಂದು ಹೇಗೆ ಹೇಳಲಿ? ಸಂಶಯ ಹತ್ತಿರದವರ ಮೇಲೆಯೇ ಬೀಳುವುದಕ್ಕೆ ಕಾರಣ ಹತ್ತಿರ ಇರುವವರು ಅವರೇ ಎಂಬುದು. ಇದು ಅರ್ಥವಾಗುವ ತನಕ ನಾನು ಪಟ್ಟ ಅವಮಾನವನ್ನು ನೆನೆದರೆ, ಕಾರ್ಲ್‌ನಿಗೆ ಇದನ್ನು ಹೇಳುವವರು ಒಬ್ಬರೂ ಇರಲಿಲ್ಲವಲ್ಲ ಎಂದು ಸಂಕಟವಾಗುತ್ತದೆ.

ನಿಧಾನವಾಗಿ ಗಮನಕ್ಕೆ ಬಂದ ಇನ್ನೊಂದು ಸಂಗತಿ ನನ್ನ ದಿನಚರಿಯನ್ನೇ ಬದಲಿಸಿತು. ಬೆಳಿಗ್ಗೆ ನಡೆದ ಜಗಳವನ್ನು ಅವಳು ಹತ್ತು ನಿಮಿಷದಲ್ಲಿ ಮರೆಯುತ್ತಿದ್ದಳು, ಆದರೆ ಜಗಳದಿಂದ ಹುಟ್ಟಿದ ದುಗುಡ ಮಧ್ಯಾಹ್ನದವರೆಗೂ ಅವಳ ಮುಖದಲ್ಲಿರುತ್ತಿತ್ತು. ಯಾಕೆ ಬೇಸರ ಎಂದು ಕೇಳಿದರೆ ಅವಳಿಗೆ ಗೊತ್ತಿರುತ್ತಿರಲಿಲ್ಲ. ಘಟನೆಯನ್ನು ಹಿಡಿದಿಡುವ ಶಕ್ತಿ ಕುಂದಿದ ಮೇಲೂ ಆ ಘಟನೆ ಎಬ್ಬಿಸಿದ ಭಾವ ಬಹಳ ಹೊತ್ತು ಉಳಿಯುತ್ತದೆ ಎಂಬುದನ್ನು ಸಂಶೋಧಕರೂ ಕಂಡುಕೊಂಡಿದ್ದಾರೆ. ದುಃಖದ ಮಾತು ಹೇಗೋ, ಸಂತೋಷದ ಮಾತೂ ಹಾಗೆಯೇ: ಸಂಜೆ ಹತ್ತು ನಿಮಿಷ ಅಂಗಳದಲ್ಲಿ ಕೈಹಿಡಿದು ನಡೆದದ್ದು ಅವಳಿಗೆ ನೆನಪಿರುವುದಿಲ್ಲ, ಆದರೆ ಅಂದು ರಾತ್ರಿ ಅವಳು ಮಲಗುವಾಗ ಹಟ ಮಾಡುವುದಿಲ್ಲ. ಅಂದಿನಿಂದ ನಾನು ಅವಳ ಮಾತಿನ ಸತ್ಯಾಸತ್ಯತೆಯನ್ನು ಬಿಟ್ಟು ಅದರ ಹಿಂದಿರುವ ಭಯವನ್ನೋ ಆಸೆಯನ್ನೋ ಹುಡುಕತೊಡಗಿದೆ. ಬಳೆ ಕಾಣದಾದರೆ ಈಗ, ಅಯ್ಯೋ, ಎಲ್ಲಿ ಹೋಯಿತು, ಬಾ ಇಬ್ಬರೂ ಹುಡುಕೋಣ ಎನ್ನುತ್ತೇನೆ. ಹುಡುಕುವ ಜಾಗಗಳು ನನಗೆ ಗೊತ್ತು, ದಿಂಬು, ಬೂಟು, ಒಗೆಯುವ ಬಟ್ಟೆಗಳ ಬುಟ್ಟಿ. ಸಿಕ್ಕಿದಾಗ ಅವಳೇ ಹುಡುಕಿದಳೆಂದು ಸಂಭ್ರಮಿಸುತ್ತೇವೆ.

ಹೊತ್ತು ಮುಳುಗುವಾಗ ಅನೇಕರಲ್ಲಿ ಗಾಬರಿ ಹೆಚ್ಚುತ್ತದೆ. ನನ್ನ ಪತ್ನಿ ಆ ಹೊತ್ತಿಗೆ, ಇನ್ನು ಮನೆಗೆ ಹೋಗೋಣ, ಅಮ್ಮ ಕಾಯುತ್ತಿರುತ್ತಾಳೆ ಎಂದು ಬಾಗಿಲ ಬಳಿ ಬಂದು ನಿಲ್ಲುತ್ತಿದ್ದಳು. ಇದೇ ನಿನ್ನ ಮನೆ, ನಿನ್ನ ತಾಯಿ ಹೋಗಿ ಇಪ್ಪತ್ತು ವರ್ಷವಾಯಿತು ಎಂದು ನಾನು ಒಂದು ದಿನ ಹೇಳಿಬಿಟ್ಟೆ. ತಾಯಿ ಸತ್ತ ಸುದ್ದಿಯನ್ನು ಮೊದಲ ಸಲ ಕೇಳಿದವಳಂತೆ ಅವಳು ಕುಸಿದು ಕುಳಿತಳು, ಅವಳ ಪಾಲಿಗೆ ಅದು ಮೊದಲ ಸಲವೇ ಆಗಿತ್ತು. ಆ ಮಾತನ್ನು ಮತ್ತೆಂದೂ ಆಡಲಿಲ್ಲ. ಮನೆ ಎಂದರೆ ಅವಳಿಗೆ ಭಯವಿಲ್ಲದ ಒಂದು ಜಾಗ ಎಂದು ತಿಳಿದುಕೊಂಡು, ನಿಮ್ಮಮ್ಮನ ಕೈಯ ಅಡುಗೆಯಲ್ಲಿ ನಿನಗೆ ಯಾವುದು ಇಷ್ಟ ಎಂದು ಕೇಳಲು ಕಲಿತೆ. ಮಾತು ಅಡುಗೆಯ ಕಡೆಗೆ ಹೊರಳುತ್ತದೆ, ಕಾಲು ಬಾಗಿಲಿನಿಂದ ಒಳಗೆ ಬರುತ್ತದೆ. ಕತ್ತಲಾಗುವ ಮೊದಲೇ ಎಲ್ಲ ದೀಪಗಳನ್ನೂ ಹಾಕುವುದು, ಮಧ್ಯಾಹ್ನದ ನಿದ್ದೆಯನ್ನು ಚಿಕ್ಕದು ಮಾಡುವುದು, ಸಂಜೆ ಟಿ.ವಿ. ಸದ್ದು ಇಲ್ಲದಂತೆ ನೋಡಿಕೊಳ್ಳುವುದು, ಇವು ಮಾತಿಗಿಂತಲೂ ಹೆಚ್ಚು ಉಪಯೋಗಕ್ಕೆ ಬಂದವು.

ಮನೆಯನ್ನೂ ಅವಳ ಕಣ್ಣಿನಿಂದ ನೋಡಬೇಕಾಯಿತು. ಆಳವನ್ನು ಅಳೆಯುವ ದೃಷ್ಟಿ ಕುಂದಿದವರಿಗೆ ಬಾಗಿಲ ಬಳಿಯ ಕಪ್ಪು ಕಾಲೊರಸು ಗುಂಡಿಯಂತೆ ಕಾಣಬಹುದು. ಹೊಳೆಯುವ ನೆಲ ನೀರಿನಂತೆ ಕಾಣಬಹುದು. ಕನ್ನಡಿಯಲ್ಲಿರುವವರು ಮನೆಗೆ ನುಗ್ಗಿದ ಅಪರಿಚಿತರಂತೆ ಕಾಣಬಹುದು. ಕಾಲೊರಸನ್ನು ತೆಗೆದೆ, ಕನ್ನಡಿಗೆ ಬಟ್ಟೆ ಹೊದಿಸಿದೆ, ಹೊರಬಾಗಿಲಿಗೆ ಕಣ್ಣಿಗೆ ಬೀಳದಷ್ಟು ಮೇಲೆ ಚಿಲಕ ಹಾಕಿಸಿದೆ. ಆದರೆ ಹೊರಗಿನಿಂದ ಬೀಗ ಹಾಕಿ ರೋಗಿಯೊಬ್ಬರನ್ನೇ ಒಳಗೆ ಬಿಟ್ಟು ಹೋಗುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ಬೆಂಕಿ ಬಿದ್ದರೆ ಹೊರಬರುವ ದಾರಿ ಅವರಿಗೆ ಇರುವುದಿಲ್ಲ.

ಸ್ನಾನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮನೆಯಲ್ಲಿ ನೋಡಿಕೊಳ್ಳುವ ಎಷ್ಟೋ ಜನ ಸೋಲುವುದು ಅಲ್ಲಿಯೇ. ಬಟ್ಟೆ ಬಿಚ್ಚುವ ಕೈ ಯಾರದೆಂದು ಗೊತ್ತಾಗದಿರುವಾಗ, ತಲೆಯ ಮೇಲೆ ಎಲ್ಲಿಂದಲೋ ನೀರು ಬೀಳುವಾಗ, ಮೈ ಚಳಿಗೆ ನಡುಗುವಾಗ ಮನುಷ್ಯ ಕೈಯೆತ್ತಿ ಹೊಡೆಯುವುದು ಆತ್ಮರಕ್ಷಣೆಗಾಗಿ. ಒಂದು ದಿನ ಹಾಗೆ ಏಟು ತಿಂದ ನಾನು ಸಿಟ್ಟಿನಲ್ಲಿ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದೆ. ಮೂರು ದಿನ ಆ ಗುರುತು ಅವಳ ಚರ್ಮದ ಮೇಲಿತ್ತು. ಹೇಗಾಯಿತೆಂದು ಅವಳಿಗೆ ನೆನಪಿರಲಿಲ್ಲ, ನಾನು ಹತ್ತಿರ ಹೋದಾಗ ಮಾತ್ರ ಕೈಯನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಆಮೇಲೆ ಸ್ನಾನವನ್ನು ವಾರಕ್ಕೆ ಎರಡು ಸಲಕ್ಕೆ ಇಳಿಸಿ, ಉಳಿದ ದಿನ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸುತ್ತೇನೆ. ಕೋಣೆಯನ್ನು ಮೊದಲೇ ಬೆಚ್ಚಗೆ ಮಾಡಿ, ಕುಳ್ಳಿರಿಸಿ, ಭುಜಕ್ಕೆ ಟವೆಲ್ ಹೊದಿಸಿ, ಕಾಲಿನಿಂದ ಆರಂಭಿಸಿ ಮೇಲಕ್ಕೆ ಬರುತ್ತೇನೆ, ತಲೆಗೆ ನೀರು ಕೊನೆಯಲ್ಲಿ. ಒಂದೊಂದು ಹೆಜ್ಜೆಯನ್ನೂ ಬಾಯಲ್ಲಿ ಹೇಳಿ ಆಮೇಲೆ ಮಾಡುತ್ತೇನೆ. ಬೇಡವೆಂದರೆ ನಿಲ್ಲಿಸುತ್ತೇನೆ; ಅರ್ಧ ಗಂಟೆ ಬಿಟ್ಟು ಕೇಳಿದರೆ ಹಲವು ಸಲ ಒಪ್ಪುತ್ತಾಳೆ.

ಎಚ್ಚರಿಕೆಯ ಮಾತೊಂದು. ಶಾಂತವಾಗಿದ್ದವರು ಒಂದೆರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ತೀರಾ ಗೊಂದಲಕ್ಕೆ ಬಿದ್ದರೆ ಅಥವಾ ಮಂಕಾದರೆ ರೋಗ ಮುಂದುವರಿಯಿತೆಂದು ಸುಮ್ಮನಿರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರುವುದು, ಹೇಳಲಾಗದ ಹಲ್ಲುನೋವು, ಹೊಸ ಮಾತ್ರೆ, ಇವುಗಳಲ್ಲಿ ಯಾವುದಾದರೂ ಆಗಿರಬಹುದು. ಉದ್ವೇಗ ತಗ್ಗಿಸಲು ಕೊಡುವ, ಆಂಟಿಸೈಕೋಟಿಕ್ ಎಂದು ಕರೆಯುವ ಮನೋವಿಕಾರ ನಿರೋಧಕ ಔಷಧಗಳು ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಪಾರ್ಶ್ವವಾಯುವಿನ ಮತ್ತು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ. ಅವು ಬೇಕೇಬೇಕೇ, ಎಷ್ಟು ದಿನ ಎಂದು ವೈದ್ಯರನ್ನು ಕೇಳುವುದಕ್ಕೆ ಸಂಕೋಚಪಡಬೇಡಿ.

ಮಕ್ಕಳು ತಂದೆತಾಯಿಯನ್ನು ನೋಡಿಕೊಳ್ಳುವುದಕ್ಕೂ ಗಂಡ ಹೆಂಡತಿಯನ್ನೋ ಹೆಂಡತಿ ಗಂಡನನ್ನೋ ನೋಡಿಕೊಳ್ಳುವುದಕ್ಕೂ ಒಂದು ವ್ಯತ್ಯಾಸವಿದೆ. ನನ್ನ ಯೌವನದ ಬಹುಪಾಲಿಗೆ ಸಾಕ್ಷಿಯಾಗಿದ್ದವಳು ಅವಳೊಬ್ಬಳೇ. ಅವಳು ಮರೆತಂತೆಲ್ಲ, ಅದು ನಡೆದದ್ದು ಹೌದೇ ಎಂದು ಕೇಳಿ ತಿಳಿಯಲು ನನಗೆ ಯಾರೂ ಉಳಿಯಲಿಲ್ಲ. ಸಂಸಾರದ ಮೊದಲ ದಿನಗಳಿಂದಲೂ ನಾವು ಒಬ್ಬರನ್ನೊಬ್ಬರು ಏಕವಚನದಲ್ಲಿಯೇ ಕರೆದುಕೊಂಡು ಬಂದವರು. ರೋಗ ಶುರುವಾದ ಮೇಲೆ ಅವಳು ಸಿಟ್ಟು ಬಂದಾಗ, ಸಂಶಯ ಬಂದಾಗ ಮಾತ್ರ ಬಹುವಚನ ಬಳಸುತ್ತಿದ್ದಳು. ನಾಲ್ಕನೆಯ ವರ್ಷದ ಒಂದು ಸಂಜೆ ಸಿಟ್ಟಿಲ್ಲದ, ಬಹಳ ಸೌಜನ್ಯದ ದನಿಯಲ್ಲಿ, ನೀವು ತುಂಬ ಒಳ್ಳೆಯವರು, ಆದರೆ ಕತ್ತಲಾಯಿತು, ನನ್ನ ಗಂಡ ಬರುವ ಹೊತ್ತಾಯಿತು, ನೀವಿನ್ನು ಹೊರಡಿ ಎಂದಳು. ನಾನು ಆಗಲಿ ಎಂದು ಹೊರಗೆ ಹೋಗಿ, ಮೆಟ್ಟಿಲ ಮೇಲೆ ಕಾಲು ಗಂಟೆ ಕುಳಿತು, ಬಾಗಿಲು ತಟ್ಟಿ ಒಳಗೆ ಬಂದೆ. ಬಂದೆಯಾ ಎಂದಳು.

ಮನುಷ್ಯ ಕಣ್ಣೆದುರಿಗೇ ಇದ್ದು ಕಳೆದುಹೋಗುತ್ತಿರುವ ಈ ಬಗೆಯ ಅಗಲಿಕೆಯನ್ನು ಅಮೆರಿಕದ ವಿದ್ವಾಂಸೆ ಪೌಲಿನ್ ಬಾಸ್ ಅಸ್ಪಷ್ಟ ನಷ್ಟ ಎಂಬ ಅರ್ಥದ ಹೆಸರಿನಿಂದ ಕರೆದರು. ಸಾವಾದರೆ ಸಂತಾಪ ಹೇಳಲು ಜನ ಬರುತ್ತಾರೆ. ಇದಕ್ಕೆ ಯಾರೂ ಬರುವುದಿಲ್ಲ, ಹೇಗಿದ್ದಾರೆ ಎಂದು ಅವಳನ್ನು ಕುರಿತು ಕೇಳಿ ಹೋಗುತ್ತಾರೆ. ದುಃಖಪಡಲು ನಿಮಗೆ ಹಕ್ಕಿದೆ ಎಂದು, ಇದೇ ಸ್ಥಿತಿಯಲ್ಲಿರುವ ಕೇಳುಗರಿಗೆ ಹೇಳಲು ಬಯಸುತ್ತೇನೆ. ನಿಮ್ಮ ನಿದ್ದೆಯನ್ನೂ ನಿಮ್ಮ ರಕ್ತದೊತ್ತಡವನ್ನೂ ನಿರ್ಲಕ್ಷಿಸಬೇಡಿ. ನೀವು ಹಾಸಿಗೆ ಹಿಡಿದರೆ ಆ ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ. ಏನಾದರೂ ಬೇಕಿದ್ದರೆ ಹೇಳಿ ಎಂದವರಿಗೆ, ಗುರುವಾರ ಮೂರರಿಂದ ಐದರವರೆಗೆ ಬಂದು ಅವಳ ಜೊತೆ ಕುಳಿತಿರಿ ಎಂದು ಗೊತ್ತಾದ ಕೆಲಸವನ್ನೇ ಹೇಳಿ. ಕೈಮೀರಿದಾಗ ಆರೈಕೆಯ ನಿಲಯಕ್ಕೆ ಸೇರಿಸಿದವರನ್ನು ಕೈಬಿಟ್ಟವರೆಂದು ನಾನು ಎಂದೂ ಎಣಿಸುವುದಿಲ್ಲ.

ಹಣದ, ಆಸ್ತಿಯ, ಸಹಿಯ ಅಧಿಕಾರದ ವಿಷಯಗಳನ್ನು ಅವರಿಗೆ ತಿಳಿವು ಇರುವಾಗಲೇ ಅವರೊಡನೆ ಕುಳಿತು ನಿರ್ಧರಿಸಬೇಕು. ಅದೇ ಹೊತ್ತಿಗೆ ಕೇಳಬೇಕಾದ, ನನ್ನ ಬಾಯಿಂದ ಬಹಳ ತಡವಾಗಿ ಬಂದ ಪ್ರಶ್ನೆಯೊಂದಿದೆ: ಮುಂದೆ ನುಂಗಲು ಆಗದಿದ್ದರೆ ಏನು ಮಾಡಲಿ? ರೋಗದ ಕೊನೆಯ ಹಂತದಲ್ಲಿ ನುಂಗುವ ಕ್ರಿಯೆಯೇ ಮರೆತುಹೋಗುತ್ತದೆ, ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಆ ಹಂತದಲ್ಲಿ ಕೊಳವೆಯ ಮೂಲಕ ಉಣಿಸಿದರೆ ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ನೆಟ್ಟಗೆ ಕುಳ್ಳಿರಿಸಿ, ಚಿಕ್ಕ ತುತ್ತುಗಳನ್ನು, ಅವರಿಗೆ ಬೇಕಾದಷ್ಟನ್ನೇ ಕೈಯಿಂದ ತಿನ್ನಿಸುವುದನ್ನು ವೈದ್ಯರು ಹೆಚ್ಚಾಗಿ ಸೂಚಿಸುತ್ತಾರೆ. ಅವಳು ಆಗಿನ್ನೂ ಮಾತನಾಡುತ್ತಿದ್ದಳು. ಕೊಳವೆ ಬೇಡ, ನೀನೇ ತಿನ್ನಿಸು ಎಂದಳು.

ಈಗ ಅವಳಿಗೆ ಮಾತಿಲ್ಲ. ಒಂದೊಂದು ತುತ್ತಿಗೂ ಕಾಯಬೇಕು, ಒಂದು ಊಟಕ್ಕೆ ಒಂದು ಗಂಟೆ ಹಿಡಿಯುತ್ತದೆ. ಹಾಸಿಗೆಹುಣ್ಣು ಆಗದಂತೆ ರಾತ್ರಿಯೂ ಮಗ್ಗುಲು ಬದಲಿಸಬೇಕು. ಬೆಳಿಗ್ಗೆ ಅವಳ ಹಿಂದಿನಿಂದಾಗಲಿ ಪಕ್ಕದಿಂದಾಗಲಿ ಹೋಗದೆ ಎದುರಿನಿಂದಲೇ ಹೋಗಿ, ಅವಳ ಕಣ್ಣಿನ ಮಟ್ಟಕ್ಕೆ ಬಗ್ಗಿ, ಮುಟ್ಟುವ ಮೊದಲು ನನ್ನ ಹೆಸರು ಹೇಳುತ್ತೇನೆ, ನಾನು ನಿನ್ನ ಗಂಡ ಎಂದೂ ಹೇಳುತ್ತೇನೆ. ಕೆಲವು ದಿನ ಅವಳು ನನ್ನ ಕಡೆ ತಿರುಗುತ್ತಾಳೆ, ಕೆಲವು ದಿನ ತಿರುಗುವುದಿಲ್ಲ. ಎರಡೂ ದಿನಗಳಲ್ಲಿ ಸ್ವಲ್ಪ ಹೊತ್ತು ಕಾದು, ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಅವಳ ಮುಖ ಒರೆಸಲು ಆರಂಭಿಸುತ್ತೇನೆ.

ನಮಸ್ಕಾರ.